ಎರಿ ನೆಲದ ಪ್ರಾರ್ಥನಾ ಮನೆಗಳು

ಶಲವಡಿ, ಅಣ್ಣಿಗೇರಿ, ಗದಗ-ಬೆಟಗೇರಿ ಕಡೆಯ ಹಿರಿಯರ ಮಾತಿನಲ್ಲಿ ಪ್ರಾಟೆಸ್ಟಂಟ್ ಕ್ರೈಸ್ತರಿಗೆ ಸೇರಿದ್ದೆಲ್ಲ ‘ಜರ್ಮನ್’. ಬೆಟಗೇರಿಯ ಆಸ್ಪತ್ರೆ ಜರ್ಮನ್ ದವಾಖಾನಿ. ಅವರ ಶಾಲೆ ಜರ್ಮನ್ ಸಾಲಿ. ಆದರೆ ಇವನ್ನೆಲ್ಲ ಕಟ್ಟಿದ ಬಾಸೆಲ್ ಮಿಷನ್ನಿನ ಕೇಂದ್ರವಿದ್ದದ್ದು ಜರ್ಮನಿಯಲ್ಲಲ್ಲ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. 1815ರಲ್ಲಿ ಹುಟ್ಟಿದ ಈ ಸಂಸ್ಥೆ ಕಳಿಸಿದ ಪಾದ್ರಿಗಳಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಜನ ಸಂಸ್ಥೆಯ ವಿಳಾಸ ನೋಡಲಿಲ್ಲ, ಬಂದವರ ಮಾತು ನೋಡಿ ಹೆಸರಿಟ್ಟರು. ಆ ಹೆಸರಿನ ಜೊತೆಗೇ ಒಂದು ತೀರ್ಮಾನವೂ ಉಳಿದುಕೊಂಡಿತು: ಈ ಕಟ್ಟಡಗಳು ಹೊರಗಿನವರವು.

ಈ ತೀರ್ಮಾನ ಎಷ್ಟು ಸರಿ? ಇದಕ್ಕೆ ಉತ್ತರ ಹುಡುಕಲು ಮಿಷನರಿಗಳ ಜೀವನಚರಿತ್ರೆಗಳನ್ನು ಬದಿಗಿಟ್ಟು ಕಟ್ಟಡವನ್ನೇ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. ನೆಲ ಯಾವುದು, ಗೋಡೆ ಯಾವುದು, ಹಂಚು ಎಲ್ಲಿಯದು, ದುಡ್ಡು ಯಾರದು, ಒಳಗೆ ಕೂತವರು ಯಾರು? ಇಷ್ಟನ್ನು ಕೇಳಿದರೆ ನಮ್ಮ ಕಡೆಯ ಸಣ್ಣ ಊರಿನ ಒಂದು ದೇವಾಲಯ ಏನೇನನ್ನು ಹೇಳಬಲ್ಲದು ಎಂಬುದು ಗೊತ್ತಾಗುತ್ತದೆ.

‘ದೇವಾಲಯ’ ಎಂದು ಬೇಕೆಂದೇ ಬರೆದೆ. ಕರಾವಳಿಯ ಕ್ಯಾಥೊಲಿಕರು ಪೋರ್ಚುಗೀಸರಿಂದ ಪಡೆದ ‘ಇಗರ್ಜಿ’ ಎಂಬ ಮಾತನ್ನು ಬಾಸೆಲ್ ಮಿಷನ್ನಿನ ಕನ್ನಡ ಸಭೆಗಳು ತಮ್ಮದಾಗಿಸಿಕೊಳ್ಳಲಿಲ್ಲ. ಜನ ಸೇರಿದರೆ ಅದು ಸಭೆ, ಅದನ್ನು ನಡೆಸುವವರು ಸಭಾಪಾಲಕರು, ಊರೂರಿಗೆ ಹೋಗಿ ಬೋಧಿಸುವವರು ಉಪದೇಶಿ, ಕೂಡುವ ಕಟ್ಟಡ ದೇವಾಲಯ. ಎಲ್ಲವೂ ಕನ್ನಡಕ್ಕೆ ಮೊದಲೇ ಗೊತ್ತಿದ್ದ ಶಬ್ದಗಳು. ಮಂಗಳೂರಿನ ಬಲ್ಮಠದ ದೊಡ್ಡ ಚರ್ಚಿಗೂ ‘ಶಾಂತಿ’ ಎಂಬ ಹೆಸರೇ ನಿಂತಿತು. ಕಟ್ಟಡಕ್ಕಿಂತ ಮೊದಲು ಈ ಶಬ್ದಗಳು ಬಂದವು.

ಬಂದ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರದೇಶದಲ್ಲಿ ಪಾದ್ರಿಗಳು ಕೆಲಸ ಮಾಡುವುದಕ್ಕೆ ಬಹುಕಾಲ ಅಡ್ಡಿಯಾಗಿಯೇ ಇತ್ತು. 1813ರ ಸನ್ನದು ಇಂಗ್ಲಿಷ್ ಮಿಷನರಿಗಳಿಗೆ ಬಾಗಿಲು ತೆರೆಯಿತು, 1833ರ ಸನ್ನದು ಬೇರೆ ದೇಶದವರಿಗೂ ಅವಕಾಶ ಕೊಟ್ಟಿತು. ಮರುವರ್ಷವೇ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅಷ್ಟರಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೆಲಸ ಶುರುಮಾಡಿ ಎರಡು ದಶಕವಾಗಿತ್ತು, ಬೈಬಲ್ಲಿನ ಕನ್ನಡ ಅನುವಾದ ಅಚ್ಚಾಗಿತ್ತು. ಬೆಳಗಾವಿಯಲ್ಲಿಯೂ ಲಂಡನ್ ಮಿಷನ್ ಇತ್ತು. ನಡುವೆ ಉಳಿದಿದ್ದ ಧಾರವಾಡ ಸೀಮೆಗೆ ಬಾಸೆಲ್ಲಿನವರು ಕಾಲಿಟ್ಟರು: 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಶಲವಡಿ ಬರುವುದು ಬೆಟಗೇರಿಯ ಸುತ್ತಿನಲ್ಲಿ. ಮಿಷನ್ನಿನ ಬರವಣಿಗೆಯಲ್ಲಿ ಅದರ ಕಾಗುಣಿತ ‘ಶೆಲವಡಿ’.

ಬೆಟಗೇರಿಯ ಆರಂಭಕ್ಕೆ ಒಂದು ವಿಚಿತ್ರ ಹಿನ್ನೆಲೆಯಿದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾಲಜ್ಞಾನದ ಪರಂಪರೆ ಹಳೆಯದು. ಮುಂದೆ ಹೀಗಾಗುತ್ತದೆ, ಹಾಗಾಗುತ್ತದೆ ಎಂದು ಸಾರುವ ನುಡಿಗಳನ್ನು ಜೋಪಾನವಾಗಿಟ್ಟುಕೊಂಡು ಹಾಡುವ, ಓದುವ ಗುಂಪುಗಳಿದ್ದವು. 1839-40ರ ಹೊತ್ತಿಗೆ ಅಂಥ ಕಾಲಜ್ಞಾನಿಗಳ ಒಂದು ಪಂಗಡ ಈ ಪಾದ್ರಿಗಳ ಬಳಿಗೆ ಬಂದಿತು. ತಮ್ಮ ನುಡಿಯಲ್ಲಿ ಹೇಳಿರುವ ಗುರುಗಳು ನೀವೇ ಇರಬಹುದು ಎಂಬುದು ಅವರ ಮಾತಿನ ತಾತ್ಪರ್ಯ. ಪಾದ್ರಿಗಳಿಗೆ ಇದಕ್ಕಿಂತ ದೊಡ್ಡ ಆಸೆ ಹುಟ್ಟಿಸುವ ಸಂಗತಿ ಬೇರೆ ಇರಲಿಲ್ಲ. ಸಾವಿರಾರು ಜನ ಒಟ್ಟಿಗೆ ಬರುತ್ತಾರೆ ಎಂದು ನಂಬಿದರು. ಹಾಗೆ ಬಂದವರು ಮನೆಮಾರು, ಹೊಲ, ಬಾವಿಯ ಹಕ್ಕು ಕಳೆದುಕೊಂಡರೆ ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಬೆಟಗೇರಿಗೆ ಹತ್ತಿರದ ಮಲ್ಲಸಮುದ್ರದಲ್ಲಿ ಜಮೀನು ಪಡೆದು 1841ರಲ್ಲಿ ಒಂದು ಕ್ರೈಸ್ತ ಒಕ್ಕಲುತನದ ಊರನ್ನು ಕಟ್ಟಲು ಹೊರಟರು.

ಸಾವಿರಾರು ಜನ ಬರಲಿಲ್ಲ. ಬಂದ ಕೆಲವರು ನಿಲ್ಲಲಿಲ್ಲ. ಮಿಷನ್ನಿನ ಇತಿಹಾಸಕಾರರು ಮಲ್ಲಸಮುದ್ರದ ಕಥೆಯನ್ನು ನಿರಾಶೆಯ ಅಧ್ಯಾಯವಾಗಿಯೇ ಬರೆದಿದ್ದಾರೆ. ನನಗೆ ಅದು ಬೇರೆ ರೀತಿ ಕಾಣುತ್ತದೆ. ಕಾಲಜ್ಞಾನಿಗಳು ಈ ಪರದೇಶಿಗಳನ್ನು ತಮ್ಮ ಪುಸ್ತಕದಲ್ಲಿಟ್ಟು ಓದಿಕೊಂಡರು, ಪಾದ್ರಿಗಳು ಅವರನ್ನು ತಮ್ಮ ಪುಸ್ತಕದಲ್ಲಿಟ್ಟು ಓದಿಕೊಂಡರು. ಎರಡೂ ಕಡೆಯ ಓದು ಕೂಡಲಿಲ್ಲ. ಆದರೆ ಇಲ್ಲಿಯ ಜನ ಬರಿ ಕೇಳುಗರಾಗಿ ಕೂತಿದ್ದವರಲ್ಲ, ಬಂದವರನ್ನು ಅಳೆದು ನೋಡಿದವರು ಎಂಬುದಕ್ಕೆ ಇದೊಂದು ಪುರಾವೆ.

ಮಲ್ಲಸಮುದ್ರದ ನಂತರ ಕೆಲಸದ ಕ್ರಮ ಬದಲಾಯಿತು. ದೊಡ್ಡ ಗುಂಪಿನ ಆಸೆ ಬಿಟ್ಟು ಠಾಣೆ ಮತ್ತು ಉಪಠಾಣೆಗಳ ಕ್ರಮ ಗಟ್ಟಿಯಾಯಿತು. ಠಾಣೆಯಲ್ಲಿ ಪಾದ್ರಿಯ ಬಂಗಲೆ, ಶಾಲೆ, ದೇವಾಲಯ, ಅನಾಥ ಮಕ್ಕಳ ಮನೆ. ಸುತ್ತಲ ಉಪಠಾಣೆಯಲ್ಲಿ ಒಬ್ಬ ಉಪದೇಶಿ ಅಥವಾ ಮಾಸ್ತರ, ಅವರ ಮನೆ, ಒಂದು ಕೋಣೆ. ಆ ಒಂದು ಕೋಣೆಯೇ ನಮ್ಮ ಕಡೆಯ ಸಣ್ಣ ಊರುಗಳ ದೇವಾಲಯಗಳ ಮೂಲ. ಸೋಮವಾರದಿಂದ ಶನಿವಾರದ ತನಕ ಸಾಲಿ, ರವಿವಾರ ಪ್ರಾರ್ಥನೆ. ಪಾದ್ರಿ ಬೆಟಗೇರಿಯಿಂದ ಕುದುರೆಯ ಮೇಲೋ ಚಕ್ಕಡಿಯಲ್ಲೋ ಬಂದಾಗ ದೀಕ್ಷಾಸ್ನಾನ, ಮದುವೆ, ಪ್ರಭುಭೋಜನ. ಉಳಿದ ದಿನಗಳಲ್ಲಿ ಎಲ್ಲವನ್ನೂ ನಡೆಸುತ್ತಿದ್ದವರು ಕನ್ನಡಿಗ ಉಪದೇಶಿಗಳು ಮತ್ತು ಅವರ ಹೆಂಡಂದಿರು. ವರದಿಗಳಲ್ಲಿ ಪಾದ್ರಿಯ ಹೆಸರು ದೊಡ್ಡದಾಗಿಯೂ ಇವರ ಹೆಸರು ಸಣ್ಣದಾಗಿಯೂ ಬರುತ್ತದೆ. ಹೆಂಡಂದಿರ ಹೆಸರು ಬರುವುದು ಇನ್ನೂ ಅಪರೂಪ.

ಹಾಗಾಗಿ ಇಂಥ ದೇವಾಲಯಕ್ಕೆ ಒಂದೇ ಹುಟ್ಟಿದ ದಿನ ಹುಡುಕುವುದು ಕಷ್ಟ. ಬಾಗಿಲ ಮೇಲಿನ ಕಲ್ಲಿನಲ್ಲಿ ಒಂದು ಇಸವಿ ಇರಬಹುದು. ಅದು ಕಡೆಯ ಕಟ್ಟಡದ ಇಸವಿ. ಅದರ ಹಿಂದೆ ಒಂದು ಸಾಲಿ, ಅದರ ಹಿಂದೆ ಯಾರದೋ ಪಡಸಾಲೆ, ಅದರ ಹಿಂದೆ ಜಾತ್ರೆಯಲ್ಲೋ ಸಂತೆಯಲ್ಲೋ ಬೇವಿನ ಮರದ ಕೆಳಗೆ ನಿಂತು ಮಾತಾಡಿದ ದಿನಗಳಿರುತ್ತವೆ.

ಇನ್ನು ಕಟ್ಟುವ ಕೆಲಸ. ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಕಟ್ಟಡ ಕಟ್ಟುವವರಿಗೆ ಮೊದಲ ಎದುರಾಳಿ ಎರಿ ಮಣ್ಣು. ಹತ್ತಿಗೂ ಜೋಳಕ್ಕೂ ಕಡಲೆಗೂ ಇದರಂಥ ನೆಲ ಇಲ್ಲ, ಗೋಡೆಗೆ ಇದರಂಥ ಕೆಟ್ಟ ನೆಲವೂ ಇಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ. ಮೇಲೆ ನಿಂತ ಗೋಡೆ ವರ್ಷ ವರ್ಷ ಮೇಲೇಳುತ್ತದೆ, ಕೆಳಗಿಳಿಯುತ್ತದೆ, ಕಡೆಗೆ ಸೀಳುತ್ತದೆ. ಆದ್ದರಿಂದಲೇ ಇಲ್ಲಿಯ ಹಳೆಯ ಮನೆಗಳ ಗೋಡೆ ಎರಡು ಮೊಳ ದಪ್ಪ, ಎತ್ತರ ಕಡಿಮೆ, ಮೇಲೆ ತೊಲೆ-ಜಂತಿ ಹಾಸಿ ಮಣ್ಣು ಮುಚ್ಚಿದ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಅದಕ್ಕೆ ಕರಲು ಮಣ್ಣು ಹಾಕಿ ಮೆಟ್ಟಬೇಕು. ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಮೊದಲ ಪ್ರಾರ್ಥನಾ ಕೋಣೆಗಳು ಈ ಪದ್ಧತಿಯ ಮನೆಗಳೇ. ಹೊರಗಿನಿಂದ ನೋಡಿದರೆ ಅವು ಮಗ್ಗುಲ ಒಕ್ಕಲಿಗನ ಮನೆಯಿಂದ ಬೇರೆಯಾಗಿ ಕಾಣುವಂತಿರಲಿಲ್ಲ.

ಇದೇ ಸೀಮೆಯಲ್ಲಿ, ಅಣ್ಣಿಗೇರಿಯಲ್ಲಿ, 11ನೆಯ ಶತಮಾನದ ಅಮೃತೇಶ್ವರ ಗುಡಿ ಇದೆ. ಕಲ್ಲನ್ನು ಹೊರಗಿನಿಂದ ತಂದು, ರಾಜಾಶ್ರಯದಲ್ಲಿ ಕಟ್ಟಿದ್ದು. ಸಾವಿರ ವರ್ಷ ನಿಲ್ಲಬೇಕಾದರೆ ಅಷ್ಟು ಬೇಕು. ಉಪಠಾಣೆಯ ದೇವಾಲಯಕ್ಕೆ ಅಂಥ ಆಸರೆಯಿರಲಿಲ್ಲ. ಆದರೂ ಮಣ್ಣಿನ ಮಾಳಿಗೆಯಿಂದ ಇಳಿಜಾರು ಹಂಚಿನ ಮಾಡಿಗೆ ಅದು ಬದಲಾದದ್ದರ ಹಿಂದೆ ಒಂದು ಸ್ವಾರಸ್ಯದ ಆರ್ಥಿಕ ಚರಿತ್ರೆಯಿದೆ.

1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಎಂಬ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ದಂಡೆಯ ಜೇಡಿಮಣ್ಣು, ಯುರೋಪಿನ ಅಚ್ಚು, ಮತಾಂತರದಿಂದ ಕುಲಕಸುಬು ಕಳೆದುಕೊಂಡವರ ದುಡಿಮೆ. ಅದೇ ಮುಂದೆ ಜಗತ್ತಿಗೆಲ್ಲ ಗೊತ್ತಾದ ‘ಮಂಗಳೂರು ಹಂಚು’. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗ, ಹುಬ್ಬಳ್ಳಿಗಳನ್ನು ಮುಟ್ಟಿದ ಮೇಲೆ ಇಲ್ಲಿಯವರೆಗೆ ಭಾರದ ಸಾಮಾನು ತರುವುದು ಸುಲಭವಾಯಿತು. ಹುಬ್ಬಳ್ಳಿ-ಗದಗ ದಾರಿಯಲ್ಲಿ ಅಣ್ಣಿಗೇರಿಗೇ ಸ್ಟೇಶನ್ ಬಂತು. ಅಲ್ಲಿಂದ ಮುಂದೆ ಚಕ್ಕಡಿ. ಹಗುರ ಹಂಚು, ಮರದ ಕೈಮರ, ಎತ್ತರದ ಕಿಟಕಿ: ಇವು ಸೇರಿದಾಗ ದೇವಾಲಯ ಮೊದಲ ಬಾರಿಗೆ ಓಣಿಯ ಉಳಿದ ಮನೆಗಳಿಂದ ಬೇರೆಯಾಗಿ ಎದ್ದು ಕಂಡಿತು.

ಹಳೆಯ ಹಂಚು ಕೈಗೆ ಸಿಕ್ಕರೆ ಹಿಂದೆ ತಿರುಗಿಸಿ ನೋಡಬೇಕು. ಬಾಸೆಲ್ ಮಿಷನ್ನಿನ ಮುದ್ರೆಯಿದ್ದರೆ ಅದು ಮೊದಲ ಮಹಾಯುದ್ಧಕ್ಕಿಂತ ಹಿಂದಿನದಿರಬಹುದು. ಕಾಮನ್‌ವೆಲ್ತ್ ಟ್ರಸ್ಟ್ ಎಂದಿದ್ದರೆ ಯುದ್ಧದ ನಂತರದ್ದು, ಏಕೆಂದರೆ ಮಿಷನ್ನಿನ ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡು ಆ ಟ್ರಸ್ಟಿಗೆ ಒಪ್ಪಿಸಿತು. ಒಂದೇ ಮಾಡಿನಲ್ಲಿ ಎರಡೂ ಮುದ್ರೆಗಳಿದ್ದರೆ ಮಧ್ಯೆ ರಿಪೇರಿ ನಡೆದಿದೆ ಎಂದರ್ಥ. 1865 ಎಂಬ ಇಸವಿ ಹಂಚಿನ ಮೇಲಿದ್ದರೆ ಕಟ್ಟಡವೂ ಆ ವರ್ಷದ್ದೆಂದು ತಿಳಿಯಬಾರದು. ಅದು ಕಾರ್ಖಾನೆ ಹುಟ್ಟಿದ ವರ್ಷ. ಕಾಗದ ಸಿಗದ ಊರಿನಲ್ಲಿ ಹಂಚೇ ಕಾಗದ.

ದುಡ್ಡಿನ ವಿಷಯಕ್ಕೆ ಬರೋಣ. ವಿದೇಶಿ ಹಣ ಎಂದಕೂಡಲೆ ನಮ್ಮ ಕಣ್ಣಿಗೆ ಯಾವುದೋ ಖಜಾನೆ ಕಾಣುತ್ತದೆ. ಬಾಸೆಲ್ ಶ್ರೀಮಂತ ನಗರ ಹೌದು, ಅಲ್ಲಿಯ ರೇಷ್ಮೆ ರಿಬ್ಬನ್ ವ್ಯಾಪಾರಿಗಳೇ ಮಿಷನ್ನಿನ ಆಡಳಿತದಲ್ಲಿದ್ದರು. ಆದರೆ 1850ರ ದಶಕದಲ್ಲಿ ಅವರಲ್ಲೊಬ್ಬನಾದ ಕಾರ್ಲ್ ಸರಾಸಿನ್ ಆರಂಭಿಸಿದ ‘ಅರ್ಧ ಬಾಟ್ಸನ್’ ಚಂದಾ ಬೇರೆಯೇ ಬಗೆಯದು. ಬಾಟ್ಸನ್ ಅಲ್ಲಿಯ ಸಣ್ಣ ನಾಣ್ಯ. ಬಡ ರೈತರು, ಮನೆಗೆಲಸದವರು, ನೇಕಾರರು ವಾರಕ್ಕೆ ಅರ್ಧ ಬಾಟ್ಸನ್ ಕೊಡಬೇಕು. ಸಾವಿರಾರು ಊರುಗಳಿಂದ ಹೀಗೆ ಕೂಡಿದ ಚಿಲ್ಲರೆಯೇ ಮಿಷನ್ನಿನ ದೊಡ್ಡ ಆದಾಯವಾಯಿತು. ಇದರ ಜೊತೆಗೆ ಮಂಗಳೂರು, ಕಲ್ಲಿಕೋಟೆ, ಕಣ್ಣೂರುಗಳ ಹಂಚು ಮತ್ತು ನೇಯ್ಗೆಯ ಕಾರ್ಖಾನೆಗಳ ಲಾಭ. ಅಂದರೆ ಇಲ್ಲಿಯ ಕೂಲಿಕಾರರ ದುಡಿಮೆಯ ಫಲವೂ ‘ವಿದೇಶಿ ಹಣ’ದೊಳಗೆ ಸೇರಿತ್ತು. ಇಷ್ಟಾದ ಮೇಲೆ ಸ್ಥಳೀಯ ಸಭೆಯ ಕಾಣಿಕೆ: ಸುಗ್ಗಿಯಲ್ಲಿ ಜೋಳ, ಕಡಲೆ, ಕೋಳಿ, ತತ್ತಿ. ದೇವಾಲಯಕ್ಕೆ ತಂದ ಮೊದಲ ಫಲವನ್ನು ಅಂಗಳದಲ್ಲಿ ಹರಾಜು ಹಾಕುವ ಪದ್ಧತಿ ಇವತ್ತಿಗೂ ಇದೆ. ಒಂದು ಕುಂಬಳಕಾಯಿಯನ್ನು ಸಂತೆಯ ಬೆಲೆಗಿಂತ ಹತ್ತು ಪಟ್ಟು ಕೊಟ್ಟು ಕೊಳ್ಳುವವನು ದೇವಾಲಯಕ್ಕೆ ಸುಣ್ಣ ಬಳಿಸುತ್ತಿದ್ದಾನೆ ಎಂದೇ ಲೆಕ್ಕ.

ಒಳಗೆ ಕೂತವರು ಯಾರು ಎಂಬ ಪ್ರಶ್ನೆಯನ್ನು 1876-78ರ ಬರವನ್ನು ಬಿಟ್ಟು ಉತ್ತರಿಸಲಾಗದು. ಧಾತು, ಈಶ್ವರ ಸಂವತ್ಸರಗಳ ಆ ಬರ ಧಾರವಾಡ ಜಿಲ್ಲೆಯ ಪೂರ್ವದ ತಾಲೂಕುಗಳನ್ನು, ಎಂದರೆ ಮಳೆ ತಪ್ಪಿದರೆ ಬೇರೆ ನೀರಿಲ್ಲದ ಎರಿ ಸೀಮೆಯನ್ನು, ಹೆಚ್ಚು ಹಿಂಡಿತು. 1872ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 9 ಲಕ್ಷ 90 ಸಾವಿರ. 1881ರಲ್ಲಿ ಸುಮಾರು 8 ಲಕ್ಷ 83 ಸಾವಿರ. ಒಂಬತ್ತು ವರ್ಷದಲ್ಲಿ ಬೆಳೆಯಬೇಕಾದದ್ದು ಬೆಳೆಯದೆ, ಇದ್ದವರಲ್ಲೇ ಲಕ್ಷಕ್ಕೂ ಮಿಕ್ಕಿ ಜನ ಇಲ್ಲವಾದರು. ಸತ್ತವರು, ಗುಳೆ ಹೋದವರು. ಉಳಿದ ಮಕ್ಕಳಲ್ಲಿ ಅನೇಕರು ಮಿಷನ್ನಿನ ಅನಾಥಾಲಯಗಳನ್ನು ಸೇರಿದರು.

ಈ ಮಕ್ಕಳ ವಿಷಯ ಎರಡು ಬಗೆಯಲ್ಲಿ ಬರೆಯಲ್ಪಟ್ಟಿದೆ. ಮಿಷನ್ನಿನ ಬರವಣಿಗೆಯಲ್ಲಿ ಇದು ಕರುಣೆಯ ಕಥೆ. ಟೀಕಾಕಾರರ ಬರವಣಿಗೆಯಲ್ಲಿ ಹಸಿವಿನ ಲಾಭ ಪಡೆದ ಕಥೆ. ಎರಡರಲ್ಲಿಯೂ ಮಕ್ಕಳು ಮಾತಾಡುವುದಿಲ್ಲ. ಅವರು ಬೆಳೆದರು, ಬೆಟಗೇರಿಯಲ್ಲಿ ನೇಯ್ಗೆಯನ್ನೋ ಹೊಲಿಗೆಯನ್ನೋ ಕಲಿತರು, ಪರಸ್ಪರ ಮದುವೆಯಾದರು, ಮಾಸ್ತರರಾಗಿ ಉಪದೇಶಿಗಳಾಗಿ ಉಪಠಾಣೆಗಳಿಗೆ ಹೋದರು. ತಮ್ಮ ಹುಟ್ಟಿದೂರು, ತಾಯಿತಂದೆ, ಜಾತಿ ಯಾವುದೂ ನೆನಪಿಲ್ಲದ ಒಂದು ತಲೆಮಾರು ಹಳ್ಳಿಗೆ ಮರಳಿತು. ಜಾತಿಯ ಸಾಲು ಕೇಳದೆ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯಬೇಕು ಎಂಬ ಬಾಸೆಲ್ಲಿನವರ ಬಿಗಿ ನಿಯಮ ಆ ಕಾಲದ ಹಳ್ಳಿಯಲ್ಲಿ ನಡೆಯಬಹುದಾಗಿದ್ದರೆ ಇಂಥವರಿಂದಲೇ. ನೇಕಾರರ ಮನೆಯಿಂದ, ಲಿಂಗಾಯತರ ಮನೆಯಿಂದ, ಹೊಲೆಮಾದಿಗರ ಕೇರಿಗಳಿಂದ ಬಂದವರು ಇವರ ಜೊತೆ ಒಂದೇ ಜಮಖಾನೆಯ ಮೇಲೆ ಕೂತರು. ಕೂತವರ ನಡುವೆ ಜಾತಿ ಸಂಪೂರ್ಣ ಅಳಿಯಿತು ಎಂದು ನಾನು ಹೇಳಲಾರೆ. ಮದುವೆಯ ಮಾತು ಬಂದಾಗ ಅದು ಎಲ್ಲಿ ಹೋಗಿ ಎಲ್ಲಿ ಬರುತ್ತದೆಂದು ಎಲ್ಲರಿಗೂ ಗೊತ್ತು.

ಬೇರೆ ಓಣಿ ಯಾಕೆ ಬೇಕಾಯಿತು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. 1850ರ ಜಾತಿ ಅನರ್ಹತೆ ನಿವಾರಣಾ ಕಾಯ್ದೆ, ಮತ ಬದಲಿಸಿದವರ ಪಿತ್ರಾರ್ಜಿತ ಹಕ್ಕನ್ನು ಕಾಪಾಡಿತು. ಆದರೆ ಬಾವಿಯ ನೀರು, ಕ್ಷೌರಿಕನ ಕೆಲಸ, ಅಗಸನ ಕೆಲಸ, ಹೆಣ ಹುಗಿಯುವ ಜಾಗ ಇವು ಕಾಯ್ದೆಯ ಕೈಗೆ ಸಿಗುವಂಥವಲ್ಲ. ಹಾಗಾಗಿ ದೇವಾಲಯದ ಸುತ್ತ ಒಂದು ಬಾವಿ, ಒಂದು ಸಾಲಿ, ಊರ ಹೊರಗೆ ಒಂದು ಸಮಾಧಿ ನೆಲ. ಮಿಷನ್ ಕಂಪೌಂಡಿನ ಗೋಡೆಯನ್ನು ಒಳಗಿನವರು ಮಾತ್ರ ಕಟ್ಟಲಿಲ್ಲ, ಹೊರಗಿನವರೂ ಕಟ್ಟಿದರು.

ಆ ಗೋಡೆ ದಾಟಿ ಹೋದದ್ದು ಹಾಡು. 1853ರಲ್ಲಿ ಧಾರವಾಡಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಎಂದರೆ ನಮಗೆ 1894ರ ನಿಘಂಟು. ಆದರೆ ಅದಕ್ಕೂ ಮೂರು ದಶಕ ಹಿಂದೆ, 1862ರಲ್ಲಿ, ಆತ ಯೇಸುವಿನ ಜೀವನವನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದ. ಜರ್ಮನ್ ರಾಗದ ಕೀರ್ತನೆಗಳ ಜೊತೆಗೆ ನಮ್ಮ ರಾಗದ ಹಾಡುಗಳೂ ಸಭೆಗಳಲ್ಲಿ ಬೆಳೆದವು. ಉತ್ತರ ಕರ್ನಾಟಕದ ದೇವಾಲಯಗಳಲ್ಲಿ ಹಾರ್ಮೋನಿಯಂ, ತಬಲಾ, ತಾಳ ಇಲ್ಲದ ರವಿವಾರ ಇಲ್ಲ. ಭಜನೆಯ ಧಾಟಿಯ ಹಾಡು ಕೇಳಿದವರಿಗೆ ಓಣಿಯಾಚೆ ನಿಂತರೆ ಅದು ಮಠದಿಂದ ಬಂತೋ ದೇವಾಲಯದಿಂದ ಬಂತೋ ಮೊದಲ ಸಾಲಿಗೆ ತಿಳಿಯುವುದಿಲ್ಲ.

ಕಟ್ಟಡ ನಿಜವಾಗಿ ಯಾರದು ಎಂಬುದು ತೀರ್ಮಾನವಾದದ್ದು 1914ರಲ್ಲಿ. ಯುದ್ಧ ಶುರುವಾದೊಡನೆ ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು. 1915-16ರಲ್ಲಿ ‘ಗೋಲ್ಕೊಂಡ’ ಹಡಗಿನಲ್ಲಿ ಹೆಂಡಿರು ಮಕ್ಕಳ ಸಮೇತ ಯುರೋಪಿಗೆ ಸಾಗಿಸಿದರು. ಎಂಬತ್ತು ವರ್ಷ ನಡೆದ ಸಂಸ್ಥೆಯ ತಲೆ ಒಮ್ಮೆಲೇ ಇಲ್ಲವಾಯಿತು. ಸ್ವಿಸ್ ಫ್ರೆಂಚ್ ಭಾಗದವರ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ಮುಂದೆ ಈ ಸೀಮೆಯ ಕೆಲಸಕ್ಕೆ ಕೈಕೊಟ್ಟಿತು, ಆಮೇಲೆ ಬಾಸೆಲ್ಲಿನವರೂ ಮರಳಿದರು. ಆದರೆ ನಡುವಿನ ಆ ವರ್ಷಗಳಲ್ಲಿ ಉಪಠಾಣೆಯ ಬಾಗಿಲು ಮುಚ್ಚಲಿಲ್ಲ. ಗಂಟೆ ಬಾರಿಸಿದವನು, ಪಾಠ ಹೇಳಿದವನು, ಹೆಣಕ್ಕೆ ಪ್ರಾರ್ಥನೆ ಮಾಡಿದವನು ಇಲ್ಲಿಯ ಉಪದೇಶಿ. ‘ಜರ್ಮನ್’ ದೇವಾಲಯ ಜರ್ಮನರಿಲ್ಲದೆ ನಡೆಯಿತು. ಹೊರಗಿನವರದು ಎಂಬ ವಾದ ಅಲ್ಲಿಗೆ ಮುಗಿಯಬೇಕಿತ್ತು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್, ಸೌತ್ ಇಂಡಿಯಾ ಯುನೈಟೆಡ್ ಸಭೆಗಳು ಅದರಲ್ಲಿ ಕೂಡಿದವು. ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು ತಡವಾಗಿ ಸೇರಿದವು. 1970ರಲ್ಲಿ ಮೈಸೂರು ಸಭಾಪ್ರಾಂತ ಒಡೆದು ಧಾರವಾಡ ಕೇಂದ್ರವಾಗಿ ಉತ್ತರ ಸಭಾಪ್ರಾಂತವಾಯಿತು. ಅಂದಿನಿಂದ ಈ ದೇವಾಲಯಗಳ ಫಲಕದ ಮೇಲೆ ಸಿ.ಎಸ್.ಐ. ಎಂದಿದೆ. ಬಾಯಲ್ಲಿ ಮಾತ್ರ ‘ಜರ್ಮನ್’ ಹೋಗಲಿಲ್ಲ.

ಈ ಎಲ್ಲದರ ಸಾಕ್ಷಿಯಾಗಿ ಸಭಾಪಾಲಕರ ಕಪಾಟಿನಲ್ಲಿ ಇರುವಂಥದು ರಿಜಿಸ್ಟರು. ದೀಕ್ಷಾಸ್ನಾನ, ಮದುವೆ, ಸಮಾಧಿ ಎಂದು ಮೂರು. 1872ರ ಕ್ರೈಸ್ತ ವಿವಾಹ ಕಾಯ್ದೆ ಮದುವೆಗಳ ದಾಖಲೆಯನ್ನು ಕಡ್ಡಾಯ ಮಾಡಿತು. ಉಳಿದವು ಸಭೆಯ ಶಿಸ್ತಿನಿಂದ ಬಂದವು. ಬಡವರ ಹುಟ್ಟುಸಾವುಗಳನ್ನು ಬೇರಾರೂ ಬರೆದಿಡದ ಕಾಲದಲ್ಲಿ ಇಲ್ಲಿ ಕೂಲಿಕಾರರ, ಹೆಂಗಸರ, ಎರಡು ದಿನ ಬದುಕಿದ ಕೂಸುಗಳ ಹೆಸರಿವೆ. ಹಳೆಯ ಹೆಸರು, ಹೊಸ ಹೆಸರು ಎರಡೂ ಒಂದೇ ಸಾಲಿನಲ್ಲಿ ಸಿಗುವುದುಂಟು.

ಅದೇ ರಿಜಿಸ್ಟರು ಮುಂದೆ ಕುತ್ತಿಗೆಗೆ ಉರುಳೂ ಆಯಿತು. 1950ರ ಪರಿಶಿಷ್ಟ ಜಾತಿಗಳ ಆದೇಶ ಆ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಅದರೊಳಗೆ ಸೇರಿದರು. ಕ್ರೈಸ್ತ ದಲಿತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ಊರಿನ ಕಣ್ಣಿನಲ್ಲಿ ಹಳೆಯ ಜಾತಿಯೇ, ಕಾಗದದಲ್ಲಿ ಮಾತ್ರ ಅಲ್ಲ. ಆದ್ದರಿಂದ ದೇವಾಲಯದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಎಂಬ ಸ್ಥಿತಿ ಅನೇಕ ಕುಟುಂಬಗಳದು. ಸಂಶೋಧಕರು ಹಳೆಯ ರಿಜಿಸ್ಟರು ಕೇಳಿದಾಗ ಹಿರಿಯರು ಒಂದು ಕ್ಷಣ ಸುಮ್ಮನಾಗುವುದಕ್ಕೆ ಕಾರಣವಿದೆ. ಆ ಪುಟಗಳಲ್ಲಿರುವುದು ಇತಿಹಾಸ ಮಾತ್ರವಲ್ಲ, ಬದುಕಿರುವವರ ಸವಲತ್ತೂ ಭಯವೂ ಇವೆ. ಇವನ್ನು ಓದುವವರು ಯಾವುದನ್ನು ಅಚ್ಚಿಗೆ ಹಾಕಬೇಕು, ಯಾವುದನ್ನು ಹಾಕಬಾರದು ಎಂಬುದನ್ನು ಸಭೆಯವರನ್ನು ಕೇಳಿಯೇ ತೀರ್ಮಾನಿಸಬೇಕು.

ಈಗಿನ ಸಮಸ್ಯೆ ಬೇರೆ. ಎರಿ ಮಣ್ಣು ತನ್ನ ಕೆಲಸ ಬಿಟ್ಟಿಲ್ಲ. ಗೋಡೆ ಸೀಳಿದೆ, ಜಂತಿಗೆ ಗೆದ್ದಲು ಹಿಡಿದಿದೆ, ಹಂಚು ಸಿಗುವುದಿಲ್ಲ, ಹೊದಿಸುವವರೂ ಇಲ್ಲ. ಹಾಗಾಗಿ ಸಭೆಗಳು ಹಳೆಯದನ್ನು ಕೆಡವಿ ಸಿಮೆಂಟಿನ ಹೊಸ ದೇವಾಲಯ ಕಟ್ಟುತ್ತಿವೆ. ಇದನ್ನು ತಪ್ಪೆಂದು ಹೇಳುವ ಹಕ್ಕು ನನಗಿಲ್ಲ. ಸೋರುವ ಮಾಡಿನ ಕೆಳಗೆ ಕೂರಬೇಕಾದವರು ಅವರು. ಮಣ್ಣಿನ ಮಾಳಿಗೆ ಕೆಡವಿ ಹಂಚಿನ ಮಾಡು ಕಟ್ಟಿದವರೂ ಅವರ ಹಿರಿಯರೇ.

ಆದರೆ ಬಾಸೆಲ್ಲಿನಲ್ಲಿ ಮಿಷನ್ನಿನ ಪತ್ರ, ನಕ್ಷೆ, ಫೋಟೋಗಳು ಜೋಪಾನವಾಗಿವೆ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿಯೂ ದೊಡ್ಡ ಸಂಗ್ರಹವಿದೆ. ಅವೆಲ್ಲ ಪಾದ್ರಿಗಳು ಬರೆದದ್ದು. ಉಪದೇಶಿ ಬರೆದದ್ದು, ಕಟ್ಟಿದ್ದು, ಮುಟ್ಟಿದ್ದು ಉಳಿದಿರುವುದು ಈ ಸಣ್ಣ ಊರುಗಳಲ್ಲೇ. ಕೆಡವುವ ಮೊದಲು ನಾಲ್ಕು ಗೋಡೆಯ ಅಳತೆ, ಹತ್ತು ಫೋಟೋ, ಮುದ್ರೆಯಿರುವ ಎರಡು ಹಂಚು, ಬಾಗಿಲ ಮೇಲಿನ ಕಲ್ಲು, ರಿಜಿಸ್ಟರಿನ ಒಂದು ಪ್ರತಿ ಇಷ್ಟನ್ನು ಎತ್ತಿಟ್ಟರೆ ಸಾಕು. ಒಂದು ದಿನದ ಕೆಲಸ. ಊರಿನ ಹೈಸ್ಕೂಲಿನ ಮಕ್ಕಳು, ಯಾವ ಧರ್ಮದವರಾದರೂ ಸರಿ, ಒಬ್ಬ ಮಾಸ್ತರರ ಜೊತೆ ಸೇರಿ ಮಾಡಬಹುದು. ಅಳತೆ ಹಿಡಿಯುವಾಗ ಇದನ್ನು ಯಾರು ಕಟ್ಟಿದರು ಎಂದು ಅವರು ಕೇಳಿಯೇ ಕೇಳುತ್ತಾರೆ. ಉತ್ತರ ಗೊತ್ತಿರುವ ಹಿರಿಯರು ಇನ್ನೂ ಕೆಲವರಿದ್ದಾರೆ.